ಹಿಂಚಕ್ರದ ಹೆಜ್ಜೆ

"ಇನ್ನೂ ನಿಧಾನ ಮಗೂ. ನನಗೆ ನಡೆಯೋಕೆ ಆಗ್ಬೇಕು, ಓಡೋಕಲ್ಲ."

ಮಾವ ಕಾರಿನ ಹಿಂಬದಿಯ ಎಡಚಕ್ರದ ಪಕ್ಕದಲ್ಲೇ ಸೊಂಟ ಬಗ್ಗಿಸಿಕೊಂಡು ನಡೆಯುತ್ತಿದ್ದರು. ಒಂದು ಕೈ ಡಿಕ್ಕಿಯ ಮೇಲೆ, ಇನ್ನೊಂದು ಕೈ ಕಿವಿಯ ಹಿಂದೆ. ಆಟದ ಮೈದಾನದ ಹಿಂಬದಿಯ ಆ ಖಾಲಿ ರಸ್ತೆಯಲ್ಲಿ ಬೆಳಗಿನ ವಾಕಿಂಗಿಗೆ ಬಂದಿದ್ದ ಇಬ್ಬರು ಹೆಂಗಸರು ಈ ಮೆರವಣಿಗೆ ನೋಡಿ ಮುಸಿಮುಸಿ ನಕ್ಕು ದಾಟಿಹೋದರು. ಇನ್ಸ್‌ಪೆಕ್ಟರಾಗಿದ್ದ ಕಾಲದಲ್ಲಿ ಗದರಿದರೆ ಕಳ್ಳರ ಕೈಕಾಲು ತಣ್ಣಗಾಗುತ್ತಿದ್ದ ಮನುಷ್ಯ, ಈಗ ಸೊಸೆಯ ಕಾರಿನ ಹಿಂದೆ ಕರು ಕಾಯುವವರ ಹಾಗೆ ಸಾಗುತ್ತಿದ್ದರು.

ಗುಬ್ಬಿ ಕ್ಲಚ್ ಮೇಲೆ ಕಾಲಿಟ್ಟು ಉಸಿರು ಬಿಗಿಹಿಡಿದಿದ್ದಳು. ಹುಟ್ಟಿದಾಗ ಅಂಗೈಯಷ್ಟಿದ್ದಳೆಂದು ಅಣ್ಣ ಇಟ್ಟ ಹೆಸರು ಅದು. ಮದುವೆಯಾಗಿ ಈ ಮನೆಗೆ ಬಂದ ಮೇಲೂ ಅದೇ ಉಳಿದಿತ್ತು. ಕಾರು ತೆವಳಿತು.

ಟಿಕ್.

ಸ್ವಲ್ಪ ಬಿಡುವು. ಮತ್ತೆ, ಟಿಕ್.

"ಮಾವ," ಅವಳು ಕಿಟಕಿಯಿಂದ ತಲೆ ಹೊರಹಾಕಿದಳು. "ಕೇಳಿಸ್ತಾ?"

ಮಾವ ಇನ್ನೊಂದಿಷ್ಟು ದೂರ ನಡೆದರು. ಆಮೇಲೆ ನೆಟ್ಟಗೆ ನಿಂತು ಕಿಟಕಿಯ ಹತ್ತಿರ ಬಂದರು.

"ಕೇಳಿಸ್ತು."

ಗುಬ್ಬಿ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಅತ್ತುಬಿಟ್ಟಳು.

ಸ್ಟೆಪ್ನಿ ಹಾಕಿಸಿದಾಗಿನಿಂದ ಈ ಸದ್ದು ಅವಳೊಬ್ಬಳಿಗೇ ಕೇಳಿಸುತ್ತಿತ್ತು. ಗಂಡನಿಗೆ ಹೇಳಿದರೆ "ನಿನಗೆ ನಿದ್ದೆ ಸಾಲ್ತಿಲ್ಲ" ಎಂದು ಕಾರು ಹತ್ತಿ ಒಂದು ಸುತ್ತು ಹೊಡೆದು ಬಂದಿದ್ದ. ಅವನು ಕಾರು ಓಡಿಸುವುದೇ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ. ಅತ್ತಿಗೆ ಹಿಂದೆ ಕೂತು ಮನೆಯಿಂದ ಮಾರ್ಕೆಟ್ಟಿನವರೆಗೂ ಒಂದೇ ಸಮನೆ ಮಾತಾಡಿದ್ದಳು; ಸಿಡಿಲು ಬಡಿದಿದ್ದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಗುಬ್ಬಿಯ ಕೆಲಸವೇ ಜನರ ಕಿವಿ ಪರೀಕ್ಷಿಸುವುದು. ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, "ಸದ್ದು ಕೇಳಿದಾಗ ಬಟನ್ ಒತ್ತಿ" ಎನ್ನುವುದು. ಸದ್ದೇ ಕೊಡದಿದ್ದಾಗಲೂ ಬಟನ್ ಒತ್ತುವವರನ್ನು ಅವಳು ಬೇಕಾದಷ್ಟು ನೋಡಿದ್ದಳು. ತಾನೂ ಅವರ ಸಾಲಿಗೆ ಸೇರಿದೆನೇನೋ ಎಂದು ಹೆದರಿದ್ದಳು.

ಏಕೆಂದರೆ ಆ ಸದ್ದು ಅವಳಿಗೆ ಗೊತ್ತಿತ್ತು.

ಅಣ್ಣನ ಎಡಗಾಲಿಗೆ ಮಗುವಾಗಿದ್ದಾಗಲೇ ಪೋಲಿಯೊ ತಗುಲಿತ್ತು. ತೊಡೆಯಿಂದ ಪಾದದವರೆಗೆ ಉಕ್ಕಿನ ಪಟ್ಟಿಗಳ ಕ್ಯಾಲಿಪರ್ ಕಟ್ಟಿಕೊಂಡೇ ಅವನು ಓಡಾಡಿದ್ದು. ಮಂಡಿಯ ಹತ್ತಿರ ಅದಕ್ಕೊಂದು ಬೀಗ. ಹೆಜ್ಜೆ ಊರಿದಾಗಲೆಲ್ಲ ಆ ಬೀಗ ಟಿಕ್ ಎನ್ನುತ್ತಿತ್ತು. ಗುಬ್ಬಿಯ ಬಾಲ್ಯವೆಲ್ಲ ಆ ಸದ್ದಿನಲ್ಲೇ ಬೆಳೆದದ್ದು. ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅವಳ ಹಾಸಿಗೆಯ ಪಕ್ಕಕ್ಕೆ. ಜ್ವರ ಬಂದ ದಿನ ಕಣ್ಣು ಮುಚ್ಚಿಕೊಂಡೇ ಅಣ್ಣ ಎಲ್ಲಿದ್ದಾನೆಂದು ಹೇಳುತ್ತಿದ್ದಳು.

ಅಣ್ಣ ಹೋಗಿ ವರ್ಷ ತುಂಬುತ್ತ ಬಂದಿತ್ತು. ತನ್ನದೇ ಟೈರ್ ಅಂಗಡಿಯಲ್ಲಿ, ಗಾಡಿಗಳ ಅಡಿಯ ರಿಪೇರಿಗೆಂದು ತೋಡಿಸಿದ ಗುಂಡಿಗೆ ಬಿದ್ದು ಸತ್ತ. ಕ್ಯಾಲಿಪರಿನ ಬೀಗ ಜಾರಿರಬೇಕು ಎಂದು ಪೊಲೀಸರು ಕೈತೊಳೆದುಕೊಂಡಿದ್ದರು. ಗುಬ್ಬಿ ಅದನ್ನು ನಂಬಿರಲಿಲ್ಲ. "ನಾನಿದೀನಲ್ಲ, ನೋಡೋಣ" ಎಂದು ಮಾವ ಅಂದಿನಿಂದ ಅವಳ ಬೆನ್ನಿಗೆ ನಿಂತಿದ್ದರು.

ಈಗ ಅವಳು ಓಡಿಸುತ್ತಿದ್ದುದು ಅಣ್ಣನ ಕಾರು. "ಶೆಡ್ಡಿನಲ್ಲಿ ನೋಡಿದ್ರೆ ಹೊಟ್ಟೆ ಉರಿಯುತ್ತೆ, ನೀನಾದ್ರೂ ಓಡಿಸು" ಎಂದು ಅತ್ತಿಗೆ ಕೀಲಿ ಕೊಟ್ಟಿದ್ದಳು.

ಒಂದು ಸಂಗತಿಯನ್ನು ಗುಬ್ಬಿ ಮಾವನಿಗೂ ಹೇಳಿರಲಿಲ್ಲ. ಮೊನ್ನೆ ಸಂಜೆ ಗೇಟಿನೊಳಗೆ ಕಾರು ನಿಲ್ಲಿಸುವಾಗ ಆ ಟಿಕ್ ಟಿಕ್ ಬೆನ್ನ ಹಿಂದೆ ಬಂದು ನಿಂತಿತ್ತು. ಅವಳು ಇಳಿದು, ಹಿಂದಿನ ಎಡಬಾಗಿಲು ತೆರೆದು, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. "ಬಾ ಅಣ್ಣ" ಎಂದಿದ್ದಳು. ಅಂದ ಮೇಲೆ ಮೈ ಜುಮ್ಮೆಂದು, ಬಾಗಿಲನ್ನು ಧಡಾರನೆ ಹಾಕಿ ಒಳಗೆ ಓಡಿದ್ದಳು.

"ಅಳೋದು ಆಮೇಲೆ," ಎಂದರು ಮಾವ. ಕರವಸ್ತ್ರ ಚಾಚಿದರು. "ಸದ್ದು ಇದೆ ಅಂದ್ರೆ ಸದ್ದು ಮಾಡೋದೂ ಇದೆ. ಒಬ್ಬೊಬ್ಬರನ್ನೇ ಠಾಣೆಗೆ ಕರೆಸೋಣ. ಇಳಿ."

ಮಾವನಿಗೆ ಎಲ್ಲವೂ ವಿಚಾರಣೆಯೇ. ಹಾಲು ಒಡೆದರೂ ಪಾತ್ರೆಯ ಹೇಳಿಕೆ ಪಡೆಯುವವರು ಎಂದು ಅತ್ತೆ ಬದುಕಿದ್ದಾಗ ನಗುತ್ತಿದ್ದಳಂತೆ.

ಮೊದಲ ಆರೋಪಿ ಕಲ್ಲು. ಟೈರಿನ ಗೀರುಗಳಲ್ಲಿ ಜಲ್ಲಿಚೂರು ಸಿಕ್ಕಿಕೊಂಡರೆ ರಸ್ತೆಗೆ ತಾಗಿದಾಗಲೆಲ್ಲ ಹೀಗೇ ಸದ್ದಾಗುತ್ತದೆ. ಮಾವ ಮಂಡಿಯೂರಿ ಕೂತು ಮನೆಯ ಕೀಲಿಯ ತುದಿಯಿಂದ ಗೀರುಗೀರೂ ಕೆದಕಿದರು. ಚಕ್ರವನ್ನು ಮುಂದಕ್ಕೆ ಉರುಳಿಸಿ ಉಳಿದದ್ದನ್ನೂ ಕೆದಕಿದರು. ಒಂದು ಕಾಳಿನಷ್ಟು ಕಲ್ಲೂ ಇರಲಿಲ್ಲ. ಆ ಟೈರು ರಸ್ತೆಯನ್ನೇ ಸರಿಯಾಗಿ ನೋಡಿದ್ದಲ್ಲ. ಹೊಸ ರಬ್ಬರಿನ ಕೂದಲು ಇನ್ನೂ ಉದುರಿರಲಿಲ್ಲ.

ಎರಡನೆಯದು ನಟ್ಟುಗಳು. ಸ್ಪ್ಯಾನರ್ ಹಾಕಿ ಒದ್ದರೂ ಅಲುಗಲಿಲ್ಲ.

ಮೂರನೆಯದು ಬ್ರೇಕು. "ಹೋಗ್ತಾ ಹೋಗ್ತಾ ಮೆಲ್ಲಗೆ ಒತ್ತು," ಎಂದರು. ಅವಳು ಒತ್ತಿದಳು. ಸದ್ದು ಬದಲಾಗಲಿಲ್ಲ. ಹ್ಯಾಂಡ್‌ಬ್ರೇಕನ್ನು ಒಂದು ಹಲ್ಲು ಎಳೆದು ನೋಡಿದಳು. ಆಗಲೂ ಇಲ್ಲ.

"ಬೇರಿಂಗ್ ಇರಬಹುದಾ ಮಾವ?"

"ಬೇರಿಂಗ್ ಹೋದ್ರೆ ಗುಂಯ್ ಅನ್ನುತ್ತೆ. ಜೋರಾಗಿ ಹೋದಷ್ಟೂ ಜೋರಾಗಿ ಕೂಗುತ್ತೆ. ಇದು ಹಾಗಲ್ಲವಲ್ಲ. ಜೋರಾಗಿ ಹೋದ್ರೆ ಏನಾಗುತ್ತೆ ಅಂದೆ?"

"ನಿಂತುಹೋಗುತ್ತೆ."

"ಪೂರ್ತಿ?"

"ಪೂರ್ತಿ. ನಿಧಾನ ಮಾಡಿದ ಕೂಡ್ಲೇ ಮತ್ತೆ ಬರುತ್ತೆ. ನಾನು ನಿಲ್ಲಿಸ್ತೀನಿ ಅಂತ ಗೊತ್ತಾದಾಗ... ಹತ್ತಿರ ಬಂದ ಹಾಗೆ."

ಮಾವ ಅವಳ ಮುಖವನ್ನೊಮ್ಮೆ ನೋಡಿದರು. ಡಿಕ್ಕಿಯಿಂದ ಜಾಕ್ ತೆಗೆದು ಚಕ್ರವನ್ನು ನೆಲದಿಂದ ಎತ್ತಿದರು.

"ಈಗ ನೀನು ಬಾ. ಕಿವಿಯ ಡಾಕ್ಟರು ನೀನು ತಾನೆ? ನಾನು ತಿರುಗಿಸ್ತೀನಿ, ನೀನು ಕೇಳು."

ಗುಬ್ಬಿ ರಸ್ತೆಯ ಮೇಲೆ ಕೂತು, ತಣ್ಣನೆಯ ಟೈರಿಗೆ ಕೆನ್ನೆ ತಾಗುವಷ್ಟು ಹತ್ತಿರ ಬಾಗಿದಳು. ಹೊಸ ರಬ್ಬರಿನ ವಾಸನೆ. ಅಣ್ಣನ ಅಂಗಿಯ ವಾಸನೆಯೂ ಇದೇ ಆಗಿತ್ತು. ಮಾವ ಚಕ್ರವನ್ನು ಮೆಲ್ಲಗೆ ತಿರುಗಿಸಿದರು. ಏನೋ ಮೇಲಕ್ಕೆ ಏರಿತು. ಸರಕ್ಕನೆ ಜಾರಿತು. ಟಿಕ್.

ಇನ್ನೊಮ್ಮೆ. ಏರಿತು, ಜಾರಿತು. ಟಿಕ್.

ಅವಳು ತಲೆಯೆತ್ತಿದಳು. "ಮಾವ, ಇದು ಹೊರಗಡೆಯ ಸದ್ದೇ ಅಲ್ಲ. ಟೈರಿನ ಒಳಗೆ ಏನೋ ಇದೆ. ಜೋರಾಗಿ ಹೋದಾಗ ಅದು ಟೈರಿಗೆ ಅಂಟಿಕೊಂಡುಬಿಡುತ್ತೆ. ನಿಧಾನವಾದಾಗ ಉರುಳಿ ಬೀಳುತ್ತೆ."

"ಈ ಚಕ್ರ ಹಾಕಿಸಿದ್ದು ಯಾವಾಗ?"

"ಹೇಳಿದೆನಲ್ಲ. ಹಿಂದಿನ ವಾರ ಆಸ್ಪತ್ರೆ ಮುಂದೆ ಪಂಕ್ಚರ್ ಆಯ್ತು. ಟ್ಯಾಕ್ಸಿಯವನೊಬ್ಬ ಸ್ಟೆಪ್ನಿ ಹಾಕಿಕೊಟ್ಟ. ಅಲ್ಲಿವರೆಗೆ ಇದು ಡಿಕ್ಕಿಯಲ್ಲೇ ಮಲಗಿತ್ತು."

ಮಾವ ವಾಲ್ವ್‌ನ ಪಕ್ಕ ಬೆರಳಿಟ್ಟರು. ರಿಮ್ಮಿನ ಅಂಚಿನಲ್ಲಿ ಹಳದಿ ಬಣ್ಣದ ಸಣ್ಣ ಅರ್ಧಚಂದ್ರ. ಅಣ್ಣ ತಾನೇ ಕೂರಿಸಿದ ಟೈರುಗಳಿಗೆಲ್ಲ ಹಾಕುತ್ತಿದ್ದ ಗುರುತು ಅದು. ಆ ಗುರುತಿದ್ದ ಟೈರು ಗಾಳಿ ಬಿಟ್ಟಿತೆಂದು ಯಾರೂ ಅಂಗಡಿಗೆ ವಾಪಸ್ಸು ಬಂದವರಿಲ್ಲ.

"ನಿಮ್ಮಣ್ಣ ಟೈರಿನೊಳಗೆ ಮರೆತು ಏನಾದ್ರೂ ಬಿಡೋ ಮನುಷ್ಯನಾ?"

ಗುಬ್ಬಿ ತಲೆಯಾಡಿಸಿದಳು. ಟೈರು ಕೂರಿಸುವ ಮುನ್ನ ಒಳಗೆಲ್ಲ ಬಟ್ಟೆ ಹಾಕಿ ಒರೆಸಿ, ಕೈಯಾಡಿಸಿ, ಮೂಸಿ ನೋಡುತ್ತಿದ್ದವನು ಅಣ್ಣ.

"ಹಾಗಾದ್ರೆ ಮರೆತದ್ದಲ್ಲ," ಎಂದರು ಮಾವ. "ಇಟ್ಟದ್ದು."

*

ಟೈರ್ ಅಂಗಡಿಯ ಮುಂದೆ ಕಾರು ನಿಂತಾಗ ಗಾಳಿಯಣ್ಣ ಕಂಪ್ರೆಸರ್ ಒರೆಸುತ್ತಿದ್ದ. ಗಾಳಿ ಹಾಕುವ ಕೆಲಸಕ್ಕೆ ಬಂದು ಅಣ್ಣನ ಪಾಲುದಾರನಾದವನು. ಮೊದಲಿನ ಹೆಸರು ಅವನಿಗೇ ನೆನಪಿದೆಯೋ ಇಲ್ಲವೋ. ಈಗ ಅಂಗಡಿ ನಡೆಸುತ್ತಿದ್ದುದು ಅವನೊಬ್ಬನೇ.

ಗುಬ್ಬಿ ಒಳಗೆ ಕಾಲಿಡಲು ಹಿಂಜರಿದಳು. ರಿಪೇರಿ ಗುಂಡಿಯ ಮೇಲೆ ಈಗ ದಪ್ಪ ಹಲಗೆಗಳನ್ನು ಹೊದಿಸಿದ್ದರು. ಹಲಗೆಯ ಮೇಲೆ ಯಾರೂ ನಡೆಯುತ್ತಿರಲಿಲ್ಲ. ಬಂದವರೆಲ್ಲ ತಾವಾಗಿಯೇ ಸುತ್ತುಹಾಕಿ ಹೋಗುತ್ತಿದ್ದರು. ಅವಳೂ ಗೋಡೆಯಂಚಿನಲ್ಲೇ ಸಾಗಿದಳು. ಗೋಡೆಯ ಮೇಲೆ ಟೈರ್ ಕಂಪನಿಗಳ ಹಳೆಯ ಕ್ಯಾಲೆಂಡರುಗಳ ನಡುವೆ ಪೊಲೀಸರ ಪ್ರಕಟಣೆಯೊಂದು ಬಿಸಿಲಿಗೆ ಬಿಳಚಿಕೊಂಡಿತ್ತು. ಚೌಕದಲ್ಲಿ ಸಂಚಾರ ನೋಡಿಕೊಳ್ಳುತ್ತಿದ್ದ ಪೇದೆಯನ್ನು ಮಂಜು ಮುಸುಕಿದ ಮುಂಜಾನೆ ಯಾವುದೋ ಕಾರು ಗುದ್ದಿ ಕೊಂದು ಪರಾರಿಯಾಗಿದೆ. ಮುಂದಿನ ಎಡಬದಿ ಜಖಂಗೊಂಡ ಗಾಡಿ ರಿಪೇರಿಗೆ ಬಂದರೆ ತಿಳಿಸಬೇಕು. ಕೆಳಗೆ ದಪ್ಪ ಮೀಸೆಯ, ನಗುಮುಖದ ಪೇದೆಯ ಚಿತ್ರ. ಊರಿನ ಗ್ಯಾರೇಜುಗಳಲ್ಲೆಲ್ಲ ಅಂಟಿಸಿದ್ದ ಪ್ರಕಟಣೆ ಅದು. ಗುದ್ದಿದವರು ಸಿಕ್ಕಿರಲಿಲ್ಲ.

"ಏನಕ್ಕಾ, ಇಷ್ಟು ದಿನಕ್ಕೆ!" ಗಾಳಿಯಣ್ಣ ಕೈ ಒರೆಸಿಕೊಂಡು ಬಂದ. ಮಾವನನ್ನು ಕಂಡು ನಗು ಅರ್ಧಕ್ಕೇ ನಿಂತಿತು. "ನಮಸ್ಕಾರ ಸಾರ್."

"ಆ ಹಿಂದಿನ ಎಡಚಕ್ರ ಬಿಚ್ಚಬೇಕು," ಎಂದಳು ಗುಬ್ಬಿ. "ಚಕ್ರ ಅಲ್ಲ, ಟೈರನ್ನೇ ರಿಮ್ಮಿಂದ ಬಿಚ್ಚಬೇಕು. ಒಳಗೆ ಏನೋ ಸದ್ದು ಮಾಡ್ತಿದೆ."

ಗಾಳಿಯಣ್ಣ ಕಾರಿನತ್ತ ನೋಡಿದ. ಹಳದಿ ಅರ್ಧಚಂದ್ರ ನೋಡಿದ.

"ಇದು ಸ್ಟೆಪ್ನಿ ಅಲ್ವಾ? ಇದನ್ನ ಯಾಕೆ ಹಾಕಿದ್ರಿ?"

"ಪಂಕ್ಚರ್ ಆದ್ರೆ ಸ್ಟೆಪ್ನಿ ಹಾಕದೆ ಹಲಸಿನಹಣ್ಣು ಹಾಕ್ತಾರಾ?" ಎಂದರು ಮಾವ.

"ಅದಲ್ಲ ಸಾರ್. ಟೈರ್ ಇಟ್ಟು ಇಟ್ಟು ಹಳೇದಾಗಿದೆ. ಬಿಚ್ಚೋ ರಗಳೆ ಯಾಕೆ, ನಾನು ಹೊಸದೊಂದು ಹಾಕಿಕೊಡ್ತೀನಿ. ದುಡ್ಡೇನೂ ಬೇಡ. ಇದನ್ನ ಇಲ್ಲೇ ಬಿಟ್ಟುಹೋಗಿ."

"ರಬ್ಬರಿನ ಕೂದಲು ಇನ್ನೂ ಉದುರಿಲ್ಲ, ಹಳೇದಂತೆ." ಮಾವ ಪಕ್ಕದಲ್ಲಿದ್ದ ಟೈರುಗಳ ರಾಶಿಯ ಮೇಲೆ ಆರಾಮವಾಗಿ ಕೂತರು. ಅವರ ದನಿ ಮೆತ್ತಗಾಯಿತು. ಆ ದನಿ ಮೆತ್ತಗಾದಾಗ ಹುಷಾರಾಗಿರಬೇಕೆಂದು ಗುಬ್ಬಿಗೆ ಗೊತ್ತು. "ಗಾಳಿ, ನೀನು ಯಾವಾಗಿಂದ ಇಷ್ಟು ಧಾರಾಳಿ ಆದೆ? ಹೋದ ಸಲ ಇವಳ ಗಂಡ ವಾಲ್ವ್ ಕ್ಯಾಪ್ ಕೇಳಿದ್ದಕ್ಕೆ ಮುಖ ಹುಳ್ಳಗೆ ಮಾಡಿದ್ದೆಯಂತೆ."

"ಹಾಗೇನಿಲ್ಲ ಸಾರ್."

"ಒಳಗೆ ಏನಿದೆ ಅಂತ ಗೊತ್ತು ನಿನಗೆ."

"ದೇವರಾಣೆ ಗೊತ್ತಿಲ್ಲ ಸಾರ್."

"ಗೊತ್ತಿಲ್ಲದೇ ಇರೋನು 'ಏನು ಸದ್ದು, ಹೇಗೆ ಸದ್ದು' ಅಂತ ಕೇಳ್ತಾನೆ. ನೀನು ಕೇಳಲಿಲ್ಲ. ಸ್ಟೆಪ್ನಿ ಯಾಕೆ ಹಾಕಿದ್ರಿ ಅಂತ ಕೇಳಿದೆ."

ಗಾಳಿಯಣ್ಣನ ಕೈಯಲ್ಲಿದ್ದ ಬಟ್ಟೆ ಸುರುಳಿ ಸುತ್ತಿಕೊಂಡಿತು. ಅವನು ಗುಬ್ಬಿಯ ಕಡೆ ತಿರುಗಿದ.

"ಅಕ್ಕಾ, ಒಳಗೇನಿದೆ ಅಂತ ನನಗೆ ನಿಜವಾಗ್ಲೂ ಗೊತ್ತಿಲ್ಲ. ಒಂದು ದಿನ ನಮ್ಮ ಗುರು ತನ್ನ ಕಾರಿನ ಸ್ಟೆಪ್ನಿ ಇಳಿಸು ಅಂದ್ರು. ನಾನು ಮಾಡ್ತೀನಿ ಅಂದ್ರೆ ಬೇಡ ಅಂದ್ರು. ನನ್ನನ್ನ ಹೊರಗೆ ಕಳಿಸಿ, ಒಬ್ಬರೇ ಬಿಚ್ಚಿದ್ರು, ಒಬ್ಬರೇ ಕೂರಿಸಿದ್ರು. ಆ ಕಾಲಿಟ್ಟುಕೊಂಡು ಅಷ್ಟು ಭಾರದ ಚಕ್ರ ಎತ್ತಿ ಡಿಕ್ಕಿಗೂ ಹಾಕಿದ್ರು. ಆಮೇಲೆ ಇಲ್ಲೇ ಈ ಸ್ಟೂಲಿನ ಮೇಲೆ ಕೂತ್ಕೊಂಡ್ರು. 'ನನಗೆ ಏನಾದ್ರೂ ಆದ್ರೆ ಆ ಸ್ಟೆಪ್ನಿ ಯಾರೂ ಬಿಚ್ಚದ ಹಾಗೆ ನೋಡ್ಕೋ, ಅದು ಗುಬ್ಬಿ ಕೈಗೆ ಸಿಗಬಾರದು' ಅಂದ್ರು."

"ನನ್ನ ಕೈಗೆ?"

"ಹೌದಕ್ಕಾ. ನಿಮ್ಮ ಹೆಸರನ್ನೇ ಹೇಳಿದ್ದು."

ಗುಬ್ಬಿಗೆ ಅಂಗಡಿಯ ನೆಲ ಸ್ವಲ್ಪ ಓರೆಯಾದ ಹಾಗೆ ಅನ್ನಿಸಿತು. ಅಮ್ಮ ತೀರಿಕೊಂಡ ಮೇಲೆ ಅಣ್ಣ ಬದಲಾಗಿದ್ದ. ಅವಳ ಮನೆಗೆ ಬರುವುದನ್ನೇ ಬಿಟ್ಟಿದ್ದ. ಕರೆದರೆ ಗೇಟಿನವರೆಗೆ ಬಂದು, ಕೆಲಸವಿದೆ ಎಂದು ಅಲ್ಲಿಂದಲೇ ತಿರುಗುತ್ತಿದ್ದ. ಒಂದು ದಿನ ಗೇಟಿನ ಸರಳು ಹಿಡಿದು ನಿಂತು, "ನಿಮ್ಮನೇಲಿ ಎಲ್ಲರಿಗೂ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಾ ಗುಬ್ಬಿ?" ಎಂದು ಕೇಳಿದ್ದ. ಅಮ್ಮನಿಲ್ಲದ ಸಂಕಟಕ್ಕೆ ಹಾಗೆ ಕೇಳುತ್ತಿದ್ದಾನೆ ಎಂದುಕೊಂಡು ಅವಳು, "ಮಲಗಿದ್ರೆ ಬೆಳಗಾಗೋದೇ ಗೊತ್ತಾಗಲ್ಲ" ಎಂದಿದ್ದಳು. ಅಣ್ಣ ಅವಳನ್ನು ತುಂಬ ಹೊತ್ತು ನೋಡಿ, ಟಿಕ್ ಟಿಕ್ ಎಂದು ನಡೆದುಹೋಗಿದ್ದ.

"ಬಿಚ್ಚು ಗಾಳಿಯಣ್ಣ," ಎಂದಳು.

"ಅಕ್ಕಾ, ಗುರು ಮಾತು..."

"ಗುರು ನನ್ನ ಅಣ್ಣ. ಅವನು ಹೇಗೆ ಸತ್ತ ಅಂತ ನನಗೆ ಗೊತ್ತಾಗ್ಬೇಕು. ನೀನು ಬಿಚ್ಚಲ್ಲ ಅಂದ್ರೆ ಇನ್ನೊಂದು ಅಂಗಡಿಗೆ ಹೋಗ್ತೀನಿ. ಅಲ್ಲಿ ಬಿಚ್ಚಿದಾಗ ಬೀದಿಯವರೆಲ್ಲ ನೋಡ್ತಾರೆ."

ಗಾಳಿಯಣ್ಣ ಮಾವನ ಕಡೆ ನೋಡಿದ. ಮಾವ ಗಡ್ಡ ಕೆರೆದುಕೊಂಡು, "ಬಿಚ್ಚಯ್ಯಾ. ಭೂತ ಇದ್ರೆ ಹಿಡಿಯೋಕೆ ನಾನಿದೀನಿ," ಎಂದರು.

ಕಾರು ಜಾಕಿನ ಮೇಲೆ ನಿಂತಿತು. ಚಕ್ರ ಕಳಚಿತು. ವಾಲ್ವ್ ತೆಗೆದಾಗ ಗಾಳಿ ಉಸ್ಸೆಂದು ಹೊರಬಂತು. ಅಣ್ಣ ತುಂಬಿದ ಗಾಳಿ. ಅದು ಮುಖಕ್ಕೆ ತಾಕಿದಾಗ ಗುಬ್ಬಿ ಕಣ್ಣು ಮುಚ್ಚಿಕೊಂಡಳು. ತಣ್ಣಗಿತ್ತು, ರಬ್ಬರಿನ ವಾಸನೆಯಿತ್ತು. ಒಂದು ಗಳಿಗೆ ಅವಳಿಗೆ ಉಸಿರು ಒಳಗೆಳೆದುಕೊಳ್ಳಲು ಭಯವಾಯಿತು, ಆಮೇಲೆ ಹೊರಬಿಡಲು ಭಯವಾಯಿತು.

ಯಂತ್ರದ ಮೇಲೆ ಚಕ್ರ ಒರಗಿತು. ಗಾಳಿಯಣ್ಣ ಸೋಪಿನ ನೀರು ಸವರಿ, ಉಕ್ಕಿನ ಪಟ್ಟಿಯನ್ನು ಅಂಚಿಗೆ ಸಿಕ್ಕಿಸಿ, ಪೆಡಲ್ ತುಳಿದ. ಟೈರಿನ ತುಟಿ ಸುತ್ತಲೂ ಮೇಲೆದ್ದಿತು. ಅವನು ಕೈ ತೂರಿಸಿದ. ಮೊದಲು ಕರಿ ರಬ್ಬರಿನ ತುಂಡೊಂದು ಹೊರಬಂತು. ಪಂಕ್ಚರಿಗೆ ಹಾಕುವ ದೊಡ್ಡ ಪ್ಯಾಚ್. ಒಂದು ಮಗ್ಗುಲಿಗೆ ಒಣಗಿದ ಅಂಟು ಹಪ್ಪಳದ ಹಾಗೆ ಎದ್ದಿತ್ತು.

"ಇದರಡಿ ಏನನ್ನೋ ಅಂಟಿಸಿದಾನೆ," ಎಂದರು ಮಾವ ಎದ್ದು ಬಂದು. "ಡಿಕ್ಕಿಯಲ್ಲಿದ್ದಷ್ಟು ದಿನ ಗಟ್ಟಿಯಾಗಿತ್ತು. ಓಡಿ ಬಿಸಿಯಾದ ಮೇಲೆ ಅಂಟು ಬಿಟ್ಟಿದೆ. ಇನ್ನೂ ಕೈ ಹಾಕು."

ಗಾಳಿಯಣ್ಣ ಇನ್ನೊಮ್ಮೆ ಕೈ ಹಾಕಿದ. ತಡಕಾಡಿದ. ಹೊರತೆಗೆದು ಅಂಗೈ ಬಿಚ್ಚಿದ.

ಉಕ್ಕಿನ ಸೀಟಿ. ಪೊಲೀಸರದು. ಒಂದು ಬದಿ ಜಜ್ಜಿಹೋಗಿ ಚಪ್ಪಟೆಯಾಗಿತ್ತು. ದಾರ ಕಟ್ಟುವ ಬಳೆ ಮುರಿದು, ಆ ಜಾಗದಲ್ಲಿ ತಾಮ್ರದ ತಂತಿಯ ಸುರುಳಿ ಇತ್ತು.

ಹೊರಗೆ ಬಸ್ಸೊಂದು ಹಾದುಹೋಯಿತು, ಅಂಗಡಿಯ ತಗಡು ನಡುಗಿತು.

"ಈ ತಂತಿ," ಗಾಳಿಯಣ್ಣನ ದನಿ ಕೀರಲಾಯಿತು, "ಈ ತಂತಿ ಸುತ್ತಿದ್ದು ನಮ್ಮ ಗುರುನೇ ಅಕ್ಕಾ. ನನ್ನ ಕಣ್ಣೆದುರೇ ಸುತ್ತಿದ್ದು. 'ನಮ್ಮ ಇಲಾಖೆ ಹೊಸದು ಕೊಡಬೇಕಾದ್ರೆ ನಾನು ಸಾಯಬೇಕು' ಅಂತ ಅವನು ತಮಾಷೆ ಮಾಡಿದ್ದ." ಅವನು ಗೋಡೆಯ ಪ್ರಕಟಣೆಯತ್ತ ಬೆರಳು ತೋರಿಸಿದ. "ಚೌಕದ ಪೇದೆ. ಸಂಜೆ ಡ್ಯೂಟಿ ಮುಗಿಸಿ ಇಲ್ಲಿ ಟೀಗೆ ಬರ್ತಿದ್ದ. ಅವನನ್ನ ಗುದ್ದಿದ ದಿನ ಎಲ್ಲ ಸಿಕ್ಕಿತು, ಟೋಪಿ ಸಿಕ್ಕಿತು, ಸೀಟಿ ಮಾತ್ರ ಸಿಗಲಿಲ್ಲ ಅಂತ ಮಾತಾಡ್ಕೊಂಡಿದ್ರು."

ಗುಬ್ಬಿ ಸೀಟಿಯನ್ನು ಎತ್ತಿಕೊಂಡಳು. ಅಂಗೈಯಲ್ಲಿ ಅದು ಚಳಿಗಾಲದ ನಾಣ್ಯದ ಹಾಗೆ ಕೊರೆಯಿತು. ತಲೆ ಮಾತ್ರ ಆಶ್ಚರ್ಯವಾಗುವಷ್ಟು ಚುರುಕಾಗಿ ಓಡತೊಡಗಿತು. ಪೇದೆಯನ್ನು ಗುದ್ದಿದ ಗಾಡಿ ಈ ಅಂಗಡಿಗೇ ಬಂದಿರಬೇಕು. ಚಕ್ರದ ಮೇಲಿನ ಮಡ್‌ಗಾರ್ಡಿನ ಸಂದಿಯಲ್ಲಿ ಸೀಟಿ ಸಿಕ್ಕಿಕೊಂಡಿರಬೇಕು. ಅಣ್ಣ ಕಂಡ. ತಾನೇ ಸುತ್ತಿದ ತಂತಿಯನ್ನು ಗುರುತಿಸಿದ. ಎಸೆಯಲೂ ಇಲ್ಲ, ಪೊಲೀಸರಿಗೆ ಕೊಡಲೂ ಇಲ್ಲ. ಬಚ್ಚಿಟ್ಟ. ಯಾರ ಗಾಡಿಯಾದರೆ ಅಣ್ಣ ಬಾಯಿ ಮುಚ್ಚಿಕೊಂಡಾನು?

ಈ ಪ್ರಶ್ನೆಯನ್ನು ಮಾವ ಕೇಳುತ್ತಾರೆಂದು ಅವಳು ಕಾದಳು.

ಮಾವ ಕೇಳಲಿಲ್ಲ.

ಬೆಳಗಿನಿಂದ ಕಲ್ಲನ್ನು, ನಟ್ಟನ್ನು, ಬ್ರೇಕನ್ನು, ಗಾಳಿಯಣ್ಣನನ್ನು ಬಿಡದೆ ಪ್ರಶ್ನಿಸಿದ ಮನುಷ್ಯ ಈಗ ತುಟಿ ಬಿಚ್ಚದೆ ನಿಂತಿದ್ದರು. ಮುಖ ಹಳೆಯ ಗೋಡೆಯ ಸುಣ್ಣದ ಹಾಗೆ ಬಿಳಚಿತ್ತು. ಟೈರುಗಳ ರಾಶಿಗೆ ಕೈಯೂರಿಕೊಂಡಿದ್ದರು. ಕೂರಲೆಂದೋ, ಬೀಳಬಾರದೆಂದೋ ತಿಳಿಯುವಂತಿರಲಿಲ್ಲ.

"ಯಾರ ಗಾಡಿ ಗಾಳಿಯಣ್ಣ?" ಎಂದಳು ಗುಬ್ಬಿ, ಮಾವನನ್ನೇ ನೋಡುತ್ತ.

ಗಾಳಿಯಣ್ಣ ನೆಲ ನೋಡಿದ.

"ಆ ದಿನ ಬೆಳಗ್ಗೆ ಯಾರ ಗಾಡಿ ಬಂತು?"

"ಸಾರ್," ಎಂದ ಗಾಳಿಯಣ್ಣ ಬಹಳ ಮೆಲ್ಲಗೆ, "ನಾನು ಹೇಳ್ಲಾ, ನೀವೇ ಹೇಳ್ತೀರಾ?"

ಗುಬ್ಬಿಯ ಮನೆಯಲ್ಲೊಂದು ಬಿಳಿ ಕಾರಿತ್ತು. ಮಾವನ ಹೆಸರಿನಲ್ಲಿದ್ದದ್ದು. ಅಮ್ಮ ತೀರಿಕೊಂಡ ಕೆಲವೇ ದಿನಕ್ಕೆ, "ವಯಸ್ಸಾಯ್ತು, ಇನ್ನು ಇದನ್ನ ಸಾಕೋದು ಯಾರು" ಎಂದು ಅವರು ಅದನ್ನು ದೂರದ ಊರಿನವರಿಗೆ ಮಾರಿಬಿಟ್ಟಿದ್ದರು. ದುಃಖದ ಮನೆಯಲ್ಲಿ ಕಾರಿನ ಬಗ್ಗೆ ಯಾರು ತಲೆಕೆಡಿಸಿಕೊಳ್ಳುತ್ತಾರೆ?

"ನೀವಾ ಮಾವ?"

"ಮಗೂ, ಇಲ್ಲಿ ಬೇಡ. ಮನೆಗೆ ಹೋಗಿ ಮಾತಾಡೋಣ."

"ಮೂರೇ ಚಕ್ರ ಇರೋ ಗಾಡಿಯಲ್ಲಿ ಹೇಗೆ ಹೋಗ್ತೀರಿ?" ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಅವನನ್ನ ಗುದ್ದಿ ಬಂದದ್ದು ನೀವಾ? ಅಣ್ಣನಿಗೆ ಗೊತ್ತಾಯ್ತು ಅಂತ... ಈ ಗುಂಡಿ ಹತ್ತಿರ ಅವನನ್ನ..."

"ಬೇಡ!" ಮಾವ ಕೈಯೆತ್ತಿದರು. "ಅದೊಂದನ್ನ ಬಾಯಲ್ಲಿ ತರಬೇಡ. ನಿಮ್ಮಣ್ಣನ ಸಾವಿಗೂ ನನಗೂ ಸಂಬಂಧ ಇಲ್ಲ. ಅವನು ಇದನ್ನ ಇಟ್ಟುಕೊಂಡಿದಾನೆ ಅಂತಲೂ ನನಗೆ ಗೊತ್ತಿರಲಿಲ್ಲ. ಗೊತ್ತಿದ್ರೆ ನಾನೇ ಕೂತು ಬಿಚ್ಚಿಸ್ತಿದ್ದೆನಾ?"

"ಗಾಡಿ ನಿಮ್ಮದು ತಾನೆ?"

"ನನ್ನದು. ಇಲ್ಲಿಗೆ ತಂದಿದ್ದೂ ನಾನೇ. ನಿಮ್ಮಣ್ಣನ ಹತ್ತಿರ ಮಡ್‌ಗಾರ್ಡ್ ಸರಿ ಮಾಡಿಸಿದ್ದೂ ನಾನೇ. ಜೀವಮಾನವೆಲ್ಲ ಬೇರೆಯವರನ್ನ ಹಿಡಿದು ಒಳಗೆ ಹಾಕಿ, ಕೊನೆಗೆ ಮನೆ ಉಳಿಸ್ಕೊಳ್ಳೋಕೆ ನಾನೂ ಅವರ ಹಾಗೇ ಸಾಕ್ಷಿ ಮುಚ್ಚಿದೆ. ಒಪ್ಪಿಕೊಂಡೆ." ಅವರು ಉಸಿರು ತೆಗೆದುಕೊಂಡರು. "ಆದ್ರೆ ಅವನನ್ನ ಗುದ್ದಿದಾಗ ಗಾಡಿ ಓಡಿಸ್ತಿದ್ದದ್ದು ನಾನಲ್ಲ."

"ಮತ್ತೆ ಯಾರು? ಅದು ಅಮ್ಮ ಹೋದ ದಿನ. ಇವರು ಆಗ ಊರಲ್ಲೇ ಇರಲಿಲ್ಲ. ಕೆಲಸದ ಮೇಲೆ ಹೋಗಿದ್ರು, ಅಮ್ಮನ ಸುದ್ದಿ ಕೇಳಿ ಮಧ್ಯಾಹ್ನ ಬಂದ್ರು. ಮನೇಲಿದ್ದದ್ದು ನೀವು, ಇನ್ನು ನಾನು..."

ಅವಳು ಅಂಗೈಯಲ್ಲಿದ್ದ ಸೀಟಿಯನ್ನು ನೋಡಿದಳು.

ಮಾವ ಅವಳ ಹತ್ತಿರ ಬಂದರು. ಅವರ ಕಣ್ಣು ತೇವವಾಗಿತ್ತು. ಅವರು ಕೇಳಿದ್ದು ಇನ್ಸ್‌ಪೆಕ್ಟರ್ ಕೇಳುವ ಹಾಗಲ್ಲ. ಜ್ವರ ಬಂದ ಮಗುವನ್ನು ಎಲ್ಲಿ ನೋಯುತ್ತದೆ ಎಂದು ಕೇಳುವ ಹಾಗೆ.

"ನಿಮ್ಮಮ್ಮ ಹೋದ ಬೆಳಗ್ಗೆ, ಆಸ್ಪತ್ರೆಯಿಂದ ಮನೆಗೆ ಹೇಗೆ ಬಂದೆ ಮಗೂ?"

ಗುಬ್ಬಿ ಉತ್ತರಿಸಲು ಬಾಯಿ ತೆರೆದಳು. ನರ್ಸು ಅಮ್ಮನ ಮುಖದ ಮೇಲೆ ಬಿಳಿ ಬಟ್ಟೆ ಎಳೆದದ್ದು ನೆನಪಿತ್ತು. ಡಾಕ್ಟರು ಭುಜ ತಟ್ಟಿದ್ದು ನೆನಪಿತ್ತು. ಮನೆಯ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಂಡೇ ಕೂತಿದ್ದದ್ದು, ಮಾವ ಬಂದು ಕೈಯಿಂದ ಏನನ್ನೋ ಬಿಡಿಸಿಕೊಂಡದ್ದು ನೆನಪಿತ್ತು. ಏನನ್ನು? ಕೀಲಿಯನ್ನೇ? ನಡುವೆ ಇದ್ದದ್ದು ಬರೀ ಮಂಜು. ರಸ್ತೆ ಕಾಣದಷ್ಟು ಬೆಳ್ಳಗಿನ ಮಂಜು. ಅದರೊಳಗೆ ಎಲ್ಲೋ ಒಂದು ಕಡೆ ಮೈಯೆಲ್ಲ ಒಮ್ಮೆ ಎತ್ತಿ ಕುಕ್ಕಿದ ಹಾಗೆ. ರಸ್ತೆಯ ಉಬ್ಬಿರಬೇಕು. ಉಬ್ಬೇ ಇರಬೇಕು. ಚೌಕದಲ್ಲಿ ಉಬ್ಬಿದೆಯೇ?

ಸೀಟಿ ಅವಳ ಮುಷ್ಟಿಯಲ್ಲಿ ಒತ್ತಿ ಚರ್ಮ ಕತ್ತರಿಸಿತು. ಅವಳಿಗೆ ನೋವು ತಿಳಿಯಲಿಲ್ಲ.

"ಅದಕ್ಕೇ ಹೇಳಲಿಲ್ಲ," ಎನ್ನುತ್ತಿದ್ದರು ಮಾವ. "ನಿನಗೇ ಗೊತ್ತಿಲ್ಲದ್ದನ್ನ ನಿನಗೆ ಹೇಳಿ ಯಾಕೆ ಸಾಯಿಸಲಿ? ನಿಮ್ಮಣ್ಣನೂ ಅದಕ್ಕೇ ಬಚ್ಚಿಟ್ಟ. ನಿನಗೋಸ್ಕರ."

ಗುಬ್ಬಿ ಒಂದು ಹೆಜ್ಜೆ ಹಿಂದೆ ಸರಿದಳು. ಮಾವ ಅವಳನ್ನು ಹಿಡಿಯಲು ಕೈಚಾಚಿದರು. ಆ ಕೈ ಅವಳನ್ನು ಮುಟ್ಟುವ ಮೊದಲೇ ಗಾಳಿಯಣ್ಣ ನಡುವೆ ಬಂದು ನಿಂತ. ಅಷ್ಟು ಹೊತ್ತು ತಲೆ ತ‍ಗ್ಗಿಸಿದ್ದವನು ಈಗ ಮಾವನ ಮುಖವನ್ನೇ ದಿಟ್ಟಿಸುತ್ತಿದ್ದ. ಅವನ ದನಿಯಲ್ಲಿ ಭಯವಿರಲಿಲ್ಲ, ಬೆರಗಿತ್ತು.

"ಸಾರ್, ಆವತ್ತು ಗಾಡಿ ತಂದಾಗ ನಾನು ಈ ಕಂಪ್ರೆಸರ್ ಹಿಂದೆ ಇದ್ದೆ. ಗುರು 'ಯಾರು ಓಡಿಸ್ತಿದ್ರು' ಅಂತ ಕೇಳಿದ್ರು, ನೀವು ಹೇಳಿದ್ದೂ ಕೇಳಿಸ್ತು. ಆವತ್ತು ನೀವು ಹೇಳಿದ್ದು ಅಕ್ಕನ ಹೆಸರಲ್ಲ, ನಿಮ್ಮ ಮಗನ ಹೆಸರು."